ಮನೆಯ ವೈಫೈಗೆ ತೂಬೂ ಬೇಕು, ಬೀಗವೂ ಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



 ಸಂಘ ನಡೆದು ಬಂದ ದಾರಿ, ಕೊಟ್ಟ ಸಾಲ, ಕೂಡಿಸಿದ ಠೇವಣಿ ಇವನ್ನೆಲ್ಲ ವರದಿಯಲ್ಲಿ ಓದಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ಊಟದ ಹೊತ್ತನ್ನು ಮುಂದಕ್ಕೆ ಹಾಕುವುದಿಲ್ಲ. ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು, ತೋಟ ಹೊಲ ನಮ್ಮ ಕಸುಬು. ಆದರೂ ಇವತ್ತು ಎತ್ತಿಕೊಂಡಿರುವ ವಿಷಯ ವೈಫೈ. ಇದೇನಪ್ಪಾ, ಅಡಿಕೆ ರೋಗದ ಬಗ್ಗೆ ಹೇಳ್ತಾರೆ ಅಂದುಕೊಂಡಿದ್ರೆ ವೈಫೈ ಅಂತಾರಲ್ಲ ಅಂತ ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸ್ತಾ ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಸಂಘದ ಆಸ್ತಿ ಅಂದರೆ ಒಂದು ಪೆಟ್ಟಿಗೆ, ನಾಲ್ಕು ಲೆಕ್ಕದ ಪುಸ್ತಕ, ಅದಕ್ಕಿಂತ ಹೆಚ್ಚಾಗಿ ಜನರ ನಂಬಿಕೆ. ಪೆಟ್ಟಿಗೆಗೆ ಬೀಗ ಹಾಕಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಈಗ ಕಾಲ ಹಾಗಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಡ್ಜರು ಕಂಪ್ಯೂಟರಿಗೆ ಬಂತು. ಕಂಪ್ಯೂಟರಿಗೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬಂದ ಕಡೆ ಮಿಣಮಿಣ ಅನ್ನುವ ದೀಪದ ವೈಫೈ ಡಬ್ಬಿಯೂ ಬಂತು. ನಮ್ಮ ಮನೆಗಳಲ್ಲೂ ಅಷ್ಟೆ. ಕೇಬಲ್ಲಿನವರು ಫೈಬರ್ ತಂತಿ ಎಳೆದು ಡಬ್ಬಿ ಕೂರಿಸಿ ಹೋಗಿದ್ದಾರೆ. ಮಕ್ಕಳ ಪಾಠ, ಪಹಣಿ, ಮಾರುಕಟ್ಟೆ ಧಾರಣೆ, ದುಡ್ಡು ಕಳಿಸುವುದು ಎಲ್ಲವೂ ಆ ಡಬ್ಬಿಯಿಂದಲೇ. ಆ ಡಬ್ಬಿಯ ಸಿಗ್ನಲ್ಲು ನಮ್ಮ ಗೋಡೆ ದಾಟಿ ಬೀದಿಗೆ ಹೋಗ್ತಾ ಇದೆ. ಅದನ್ನು ಏನು ಮಾಡಬೇಕು ಅನ್ನುವುದೇ ಇವತ್ತಿನ ಮಾತು.

ನಾವು ಒಂದು ಸಂಜೆ ಸಂಘದ ಕಚೇರಿಯ ಸುತ್ತ ಮೊಬೈಲ್ ಹಿಡಿದು ನಡೆದು ನೋಡಿದೆವು. ಜಗಲಿಯ ಮೇಲೆ ಪೂರ್ತಿ ಗೆರೆ. ಗೊಬ್ಬರದ ಗೋದಾಮಿನ ಹಿಂದೆ ಒಂದೇ ಗೆರೆ. ಆದರೆ ರಸ್ತೆ ದಾಟಿ ಎದುರುಗಡೆ ನಿಂತರೆ ಎರಡು ಗೆರೆ! ಅಂದರೆ ಕಚೇರಿಯೊಳಗೆ ಕಾಲಿಡದ ಮನುಷ್ಯ ಕೂಡ ರಸ್ತೆಯಾಚೆ ಬೈಕಿನ ಮೇಲೆ ಕೂತು ನಮ್ಮ ಡಬ್ಬಿಯ ಜೊತೆ ಮಾತಾಡಬಹುದು. ತಾವೂ ಮನೆಗೆ ಹೋದ ಮೇಲೆ ಹೀಗೆ ಒಂದು ಸುತ್ತು ನಡೆದು ನೋಡಿ. ಖರ್ಚಿಲ್ಲ, ಕಾಸಿಲ್ಲ.

ಇದು ಯಾಕೆ ಹೀಗಾಗುತ್ತದೆ? ವೈಫೈ ಅಂದರೆ ರೇಡಿಯೋ ಅಲೆ. ಬಹಳ ಡಬ್ಬಿಗಳು ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಹೊಸ ಡಬ್ಬಿಗಳಲ್ಲಿ 5 ಗಿಗಾಹರ್ಟ್ಸ್ ಅಂತ ಇನ್ನೊಂದು ಇರುತ್ತದೆ, ಅದರ ಅಲೆ ಇದರ ಅರ್ಧದಷ್ಟು. ಗಣಪತಿ ಹಬ್ಬದಲ್ಲಿ ಮೈಕ್ ಹಾಕಿದರೆ ಪೆಂಡಾಲಿನೊಳಗೆ ಕೂತವರಿಗೆ ಮಾತ್ರ ಕೇಳಿಸು ಅಂತ ಹೇಳಿದರೆ ಆ ಶಬ್ದ ಕೇಳುತ್ತದೆಯೇ? ಈ ಅಲೆಯೂ ಹಾಗೆ. ಕಾಂಪೌಂಡಿನ ಗಡಿಕಲ್ಲು ಅದಕ್ಕೆ ಕಾಣುವುದಿಲ್ಲ.

ಆದರೆ ಎಲ್ಲ ಗೋಡೆಯೂ ಒಂದೇ ಅಲ್ಲ. ಗಾಜಿನ ಕಿಟಕಿ, ಮರದ ಬಾಗಿಲು, ನಾಡಹೆಂಚು ಇವು ಅಲೆಯನ್ನು ಹೆಚ್ಚು ತಡೆಯುವುದಿಲ್ಲ. ನಮ್ಮ ತಾತಂದಿರು ಕಟ್ಟಿದ ದಪ್ಪ ಮಣ್ಣಿನ ಗೋಡೆ ಸಾಕಷ್ಟು ತಡೆಯುತ್ತದೆ. ಕಬ್ಬಿಣದ ಸರಳು ಹಾಕಿದ ಆರ್.ಸಿ.ಸಿ. ಇನ್ನೂ ಹೆಚ್ಚು. ತಗಡು, ಕಬ್ಬಿಣದ ಬೀರು ಇವನ್ನು ಅಲೆ ದಾಟುವುದೇ ಕಷ್ಟ. ನೀರು ಕೂಡ ಈ ಅಲೆಯನ್ನು ಹೀರುತ್ತದೆ, ಅದಕ್ಕೇ ಹಸಿರು ಎಲೆ ತುಂಬಿದ ತೋಟದೊಳಗೆ ಸಿಗ್ನಲ್ ಬೇಗ ಬಡವಾಗುತ್ತದೆ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಅನ್ನುವ ವಿಜ್ಞಾನಿ 1836ರಲ್ಲೇ ಲೋಹದಿಂದ ಮುಚ್ಚಿದ ಕೋಣೆಯ ಒಳಗೆ ಹೊರಗಿನ ವಿದ್ಯುತ್ ಪ್ರಭಾವ ಬರುವುದಿಲ್ಲ ಅಂತ ಮಾಡಿ ತೋರಿಸಿದರು. ಪಟ್ಟಣದ ಮನೆಗಳಲ್ಲಿ ಅಡುಗೆ ಬಿಸಿ ಮಾಡುವ ಮೈಕ್ರೋವೇವ್ ಒಲೆಯ ಬಾಗಿಲಲ್ಲಿ ಸಣ್ಣ ತೂತಿನ ಲೋಹದ ಜಾಲರಿ ಇರುವುದು ಇದೇ ಕಾರಣಕ್ಕೆ. ಅದರೊಳಗಿನ ಅಲೆಯೂ ಹೆಚ್ಚು ಕಡಿಮೆ ನಮ್ಮ ವೈಫೈ ಜಾತಿಯದೇ. ತೂತು ಅಲೆಗಿಂತ ಬಹಳ ಚಿಕ್ಕದಾದ್ದರಿಂದ ಅಲೆ ಆಚೆ ಬರಲಾರದು.

ಹಾಗಾದರೆ ಮನೆಗೆಲ್ಲ ಜಾಲರಿ ಹೊಡೆದು ಬಿಡೋಣವೇ ಅಂತ ಕೇಳಬಹುದು. ಅಲೆ ತಡೆಯುವ ಬಣ್ಣ, ಗೋಡೆಗೆ ಅಂಟಿಸುವ ಲೋಹದ ಹಾಳೆ ಇವೆಲ್ಲ ಮಾರುಕಟ್ಟೆಯಲ್ಲಿ ಇವೆ. ಆದರೆ ರೈತಾಪಿ ಮನೆಗೆ ಅದು ತಕ್ಕದ್ದಲ್ಲ. ಗೋಡೆ, ಸೂರು, ಕಿಟಕಿ, ಬಾಗಿಲು ಎಲ್ಲವನ್ನೂ ಮುಚ್ಚಬೇಕು. ಒಂದು ಬಾಗಿಲು ತೆರೆದಿದ್ದರೂ ಹಾಕಿದ ದುಡ್ಡು ದಂಡ. ಇನ್ನು ಎಲ್ಲವನ್ನೂ ಸರಿಯಾಗಿ ಮುಚ್ಚಿದಿರಿ ಅಂತಲೇ ಇಟ್ಟುಕೊಳ್ಳಿ, ಆಗ ಹೊರಗಿನ ಟವರಿನ ಅಲೆಯೂ ಒಳಗೆ ಬರುವುದಿಲ್ಲ. ಮಗಳು ಗಂಡನ ಮನೆಯಿಂದ ಫೋನ್ ಮಾಡಿದರೆ ಅಂಗಳಕ್ಕೆ ಓಡಿ ಬರಬೇಕಾಗುತ್ತದೆ.

ಅಲೆಗೆ ಬೇಲಿ ಹಾಕಿ ಗೆಲ್ಲಲಾಗುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇವೆ. 2007ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ ಎರಡು ಬೆಟ್ಟಗಳ ಮೇಲೆ ದೊಡ್ಡ ಡಿಶ್ ಆಂಟೆನಾ ನಿಲ್ಲಿಸಿ ಸಾಮಾನ್ಯ ವೈಫೈ ಉಪಕರಣದಿಂದಲೇ 382 ಕಿಲೋಮೀಟರ್ ದೂರಕ್ಕೆ ಸಂಪರ್ಕ ಸಾಧಿಸಿದರು. ಅದು ನಮ್ಮೂರಿಂದ ಬೆಂಗಳೂರಿಗಿಂತಲೂ ದೂರ. ನಮ್ಮ ಮನೆಯ ಡಬ್ಬಿಗೆ ಅಷ್ಟು ದೂರ ಹೋಗುವ ಯೋಗ್ಯತೆ ಇಲ್ಲ, ಅದು ಬೇರೆ ಮಾತು. ಆದರೆ ನಮ್ಮ ಮೊಬೈಲಿನಲ್ಲಿ ಗೆರೆ ಕಾಣಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಅಲೆ ಇಲ್ಲವೆಂದಲ್ಲ. ಒಳ್ಳೆಯ ಆಂಟೆನಾ ಇದ್ದವನಿಗೆ ಅದು ಸಿಕ್ಕೀತು.

ಸಿಕ್ಕರೆ ಏನಾಯ್ತು, ಪಕ್ಕದ ಮನೆಯ ಹುಡುಗ ಎರಡು ಸಿನಿಮಾ ನೋಡ್ತಾನೆ ಅಷ್ಟೇ ತಾನೆ ಅಂತ ಹೇಳುವವರಿದ್ದಾರೆ. ಅಷ್ಟೇ ಆಗಿದ್ದರೆ ನಾವು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟವಾದದ್ದು ತಮಗೆ ನೆನಪಿರಬಹುದು. ಮರುದಿನವೇ ಅಹಮದಾಬಾದಿನಲ್ಲಿ ಸ್ಫೋಟಗಳಾದವು. ಅದಕ್ಕೆ ಸ್ವಲ್ಪ ಮುಂಚೆ ಪತ್ರಿಕೆ, ಟಿ.ವಿ.ಯವರಿಗೆ ಬೆದರಿಕೆಯ ಇ-ಮೇಲ್ ಬಂತು. ಅದು ಎಲ್ಲಿಂದ ಬಂತು ಅಂತ ಪೊಲೀಸರು ಜಾಡು ಹಿಡಿದು ಹೋದರೆ ನವಿ ಮುಂಬಯಿಯಲ್ಲಿ ವಾಸವಿದ್ದ ಒಬ್ಬ ಅಮೆರಿಕದವರ ಮನೆಗೆ ಹೋಗಿ ಮುಟ್ಟಿತು. ಅವರ ಮನೆಯ ವೈಫೈಗೆ ಸರಿಯಾದ ಬೀಗವಿರಲಿಲ್ಲ. ಹೊರಗಿನವರು ಅದನ್ನು ಬಳಸಿ ಕಳಿಸಿದ್ದರು. ಅವರದೇನೂ ತಪ್ಪಿಲ್ಲದಿದ್ದರೂ ವಿಚಾರಣೆ ಎದುರಿಸಬೇಕಾಯ್ತು, ಕಂಪ್ಯೂಟರು ತಪಾಸಣೆಗೆ ಹೋಯ್ತು. ಅದೇ ವರ್ಷ ಮುಂಬಯಿಯ ಒಂದು ಕಾಲೇಜಿನ ಮತ್ತು ಒಂದು ಖಾಸಗಿ ಕಂಪನಿಯ ವೈಫೈ ಕೂಡ ಇದೇ ರೀತಿ ದುರ್ಬಳಕೆಯಾದವು. ಆಮೇಲೆ 2009ರಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಯ ಬಗ್ಗೆ ಇಂಟರ್ನೆಟ್ ಕೊಡುವ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಇದರಲ್ಲಿ ತಿಳಿಯಬೇಕಾದ ಅಂಶ ಇಷ್ಟೆ. ಹೊರಗಿನ ಪ್ರಪಂಚಕ್ಕೆ ಕಾಣುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆ ಅನ್ನುವುದು. ಗೋಡೆಯಾಚೆ ಕೂತು ಯಾರು ಬಳಸಿದರು ಅನ್ನುವುದು ಕಾಣುವುದಿಲ್ಲ. ಬೇರೆಯವರ ಎತ್ತು ನಮ್ಮ ಹಗ್ಗದಲ್ಲಿ ಸಿಕ್ಕಿದರೆ ಉತ್ತರ ಹೇಳಬೇಕಾದವರು ನಾವೇ.

ಇನ್ನೊಂದು ವಿಚಾರ. ಭೂಪಟಕ್ಕಾಗಿ ಬೀದಿಗಳ ಫೋಟೋ ತೆಗೆಯುವ ಗೂಗಲ್ ಕಂಪನಿಯ ಕಾರುಗಳು ಹಲವು ದೇಶಗಳಲ್ಲಿ ಓಡಾಡುವಾಗ ಬೀಗವಿಲ್ಲದ ವೈಫೈಗಳಲ್ಲಿ ಹರಿಯುತ್ತಿದ್ದ ಮಾಹಿತಿಯ ತುಣುಕುಗಳನ್ನೂ ಹಿಡಿದುಕೊಂಡಿದ್ದವು ಅಂತ 2010ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. ಬೀದಿಯಲ್ಲಿ ಹಾದು ಹೋಗುವ ಒಂದು ಕಾರಿಗೆ ಇಷ್ಟು ಸಿಕ್ಕಿದರೆ, ಬೇಕೆಂದೇ ಕೂತವನಿಗೆ ಎಷ್ಟು ಸಿಗಬಹುದು ಎಂಬುದನ್ನು ತಾವೇ ಯೋಚಿಸಿ. ಬ್ಯಾಂಕಿನ ಆ್ಯಪ್‌ಗಳಿಗೆ ಅವುಗಳದ್ದೇ ಒಳಬೀಗ ಇರುತ್ತದೆ, ಆದ್ದರಿಂದ ವೈಫೈ ಹಿಡಿದ ಕೂಡಲೇ ನಮ್ಮ ಪಿನ್ ನಂಬರು ಓದಿಬಿಡುತ್ತಾರೆ ಅಂತ ಹೆದರಬೇಕಿಲ್ಲ. ಆದರೆ ಅದೇ ವೈಫೈಗೆ ಸೇರಿಕೊಂಡಿರುವ ಪ್ರಿಂಟರು, ಸಿ.ಸಿ. ಕ್ಯಾಮೆರಾ, ಎಲ್ಲರೂ ನೋಡುವಂತೆ ಬಿಟ್ಟಿರುವ ಕಂಪ್ಯೂಟರಿನ ಕಡತ ಇವೆಲ್ಲ ಒಳಗೆ ಬಂದವನ ಕೈಗೆ ಎಟುಕುತ್ತವೆ. ಸಂಘದ ಕಚೇರಿಯಲ್ಲಿ ಅದರರ್ಥ ಏನು? ತಮ್ಮ ಆಧಾರ್ ಪ್ರತಿ, ಪಹಣಿ, ಸಾಲದ ಬಾಕಿ. ಯಾರ ಮನೆಯ ಸಾಲ ಎಷ್ಟು ಅನ್ನುವುದು ಬೀದಿಯ ಮಾತಾಗಬಾರದು. ಅದು ಸಂಘದ ಮಾನ, ಸದಸ್ಯರ ಮಾನ.

ಈಗ ಮಾಡಬೇಕಾದ್ದು ಏನು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಡಬ್ಬಿಯ ಜಾಗ. ತಂತಿ ಎಲ್ಲಿ ಒಳಗೆ ಬರುತ್ತದೋ ಅಲ್ಲೇ, ಬೀದಿ ಕಡೆಯ ಕಿಟಕಿ ಪಕ್ಕ ಮೊಳೆ ಹೊಡೆದು ನೇತುಹಾಕುವುದು ವಾಡಿಕೆ. ಅದು ಬೀದಿಗೆ ಅರ್ಧ ಪಾಲು ಕೊಟ್ಟ ಹಾಗೆ. ತಂತಿ ಇನ್ನೊಂದಿಷ್ಟು ಅಡಿ ಒಳಗೆ ಬರಲಿ ಅಂತ ಕೇಳಿ, ನಡುಮನೆಯಲ್ಲಿ ಇಡಿಸಿ. ಬೀದಿ ಕಡೆಯ ಗೋಡೆಗೆ ಕಬ್ಬಿಣದ ಬೀರು ಇದ್ದರೆ ಅದು ಅಡ್ಡಗೋಡೆಯಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಕಡ್ಡಿಯ ಸುತ್ತ ಅಲೆ ಕೋಡುಬಳೆಯ ಆಕಾರದಲ್ಲಿ ಹರಡುತ್ತದೆ. ಕಡ್ಡಿ ಇರುವುದು ಕೋಡುಬಳೆಯ ತೂತಿನಲ್ಲಿ. ಕಡ್ಡಿಯ ತುದಿ ಯಾವ ಕಡೆಗಿದೆಯೋ ಆ ಕಡೆ ಅಲೆ ಕಡಿಮೆ, ಅಕ್ಕಪಕ್ಕಕ್ಕೆ ಹೆಚ್ಚು.

ಎರಡನೆಯದು, ಶಕ್ತಿ ತಗ್ಗಿಸುವುದು. ಮೈಕಿನ ವಾಲ್ಯೂಮ್ ತಿರುಪಿನ ಹಾಗೆ ಹಲವು ಡಬ್ಬಿಗಳ ಸೆಟ್ಟಿಂಗಿನಲ್ಲಿ ಪವರ್ ಹೆಚ್ಚು, ಮಧ್ಯಮ, ಕಡಿಮೆ ಅಂತ ಇರುತ್ತದೆ. ಬಯಲಿನಲ್ಲಿ ಲೆಕ್ಕ ಹಾಕಿದರೆ ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿದಾಗ ಅಲೆ ಮುಟ್ಟುವ ದೂರ ಅರ್ಧಕ್ಕೆ ಇಳಿಯುತ್ತದೆ. ಮೂರು ಅಂಕಣದ ಮನೆಗೆ ಪೂರ್ತಿ ಶಕ್ತಿ ಬೇಕಿಲ್ಲ. ಮನೆಯವರ ಮೊಬೈಲೆಲ್ಲ 5 ಗಿಗಾಹರ್ಟ್ಸ್ ಹಿಡಿಯುವಂಥವಾದರೆ ಅದನ್ನೇ ಇಟ್ಟುಕೊಂಡು 2.4ನ್ನು ಆರಿಸಬಹುದು. 5ರ ಅಲೆಗೆ ಗೋಡೆ ದಾಟುವ ಬಲ ಕಡಿಮೆ. ನಮಗೆ ಬೇಕಾದ್ದೂ ಅದೇ. ಜಾತ್ರೆಗೋ ಮದುವೆಗೋ ಮನೆ ಬೀಗ ಹಾಕಿ ಹೊರಟಾಗ ಡಬ್ಬಿಯ ಸ್ವಿಚ್ಚೂ ಆರಿಸಿ. ಆರಿದ ಡಬ್ಬಿಯಿಂದ ಏನೂ ಸೋರುವುದಿಲ್ಲ.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಬೀಗ. ಮೇಲೆ ಹೇಳಿದ ಎರಡೂ ಸೋರಿಕೆಯನ್ನು ಕಡಿಮೆ ಮಾಡುತ್ತವೆ, ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಾದ್ದು ಬೀಗ. ಸೋರಿ ಹೋದ ಅಲೆ ಯಾರ ಕೈಗೆ ಸಿಕ್ಕರೂ ಅವನಿಗೆ ಅರ್ಥವಾಗದ ಹಾಗೆ ಮಾಡುವುದು ಅದೇ. ಡಬ್ಬಿಯ ಸೆಟ್ಟಿಂಗಿನಲ್ಲಿ ಡಬ್ಲ್ಯೂ.ಇ.ಪಿ. ಅನ್ನುವ ಹಳೆಯ ಬೀಗ ಇದ್ದರೆ ಇಂದೇ ತೆಗೆಸಿ. ಅದನ್ನು ಮುರಿಯುವ ದಾರಿ 2001ರಲ್ಲೇ ಬಯಲಾಗಿದೆ. 2004ರಲ್ಲಿ ಬಂದ ಡಬ್ಲ್ಯೂ.ಪಿ.ಎ.2 ಇರಲಿ. 2018ರಲ್ಲಿ ಬಂದ ಡಬ್ಲ್ಯೂ.ಪಿ.ಎ.3 ಸಿಕ್ಕರೆ ಇನ್ನೂ ಒಳ್ಳೆಯದು. ಡಬ್ಲ್ಯೂ.ಪಿ.ಎಸ್. ಅಂತ ಒಂದು ಗುಂಡಿ ಇರುತ್ತದೆ, ಪಾಸ್‌ವರ್ಡ್ ಹೊಡೆಯದೆ ಸೇರಿಕೊಳ್ಳುವುದಕ್ಕೆ. ಅದರ ಜೊತೆ ಬರುವ ಎಂಟು ಅಂಕಿಯ ಗುಟ್ಟನ್ನು ಹೆಚ್ಚೆಂದರೆ ಸುಮಾರು 11 ಸಾವಿರ ಸಲ ಪ್ರಯತ್ನಿಸಿ ಹಿಡಿಯಬಹುದು ಅಂತ 2011ರ ಕೊನೆಯಲ್ಲಿ ಗೊತ್ತಾಯಿತು. ಕಂಪ್ಯೂಟರಿಗೆ 11 ಸಾವಿರ ಯಾವ ಲೆಕ್ಕ? ಅದನ್ನೂ ಆರಿಸಿಬಿಡಿ.

ಪಾಸ್‌ವರ್ಡ್ ಅಂದ ಕೂಡಲೇ ನಮ್ಮ ಜನ ಮೊಬೈಲ್ ನಂಬರು, ಮಗನ ಹೆಸರು, ಇಲ್ಲವೇ ಒಂದರಿಂದ ಎಂಟರ ತನಕ ಅಂಕಿ ಇಡುತ್ತಾರೆ. ಅದು ಬೀಗದ ಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟ ಹಾಗೆ, ಎಲ್ಲರೂ ಅಲ್ಲೇ ತಡಕುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಜೋಡಿಸಿ. ರಾಗಿ, ರೈಲು, ಹುಣಸೆ, ಕನ್ನಡಕ ಅಂತ. ಮನೆಯವರಿಗೆ ನೆನಪಿರುತ್ತದೆ, ಹೊರಗಿನವನಿಗೆ ಹೊಳೆಯುವುದಿಲ್ಲ. ಇದನ್ನೇ ಇಡಬೇಡಿ ಮತ್ತೆ, ಮೈಕಿನಲ್ಲಿ ಊರಿಗೆಲ್ಲ ಹೇಳಿಯಾಗಿದೆ! ಇದಲ್ಲದೆ ಡಬ್ಬಿಯ ಸೆಟ್ಟಿಂಗ್ ತೆರೆಯುವುದಕ್ಕೆ ಬೇರೆಯೇ ಒಂದು ಪಾಸ್‌ವರ್ಡ್ ಇರುತ್ತದೆ. ಕಂಪನಿಯಿಂದ ಬಂದಾಗ ಇದ್ದದ್ದನ್ನು ಹಾಗೇ ಬಿಡಬಾರದು, ಬದಲಾಯಿಸಬೇಕು. ಸಿ.ಸಿ. ಕ್ಯಾಮೆರಾಕ್ಕೂ ಇದೇ ಮಾತು.

ವೈಫೈ ಹೆಸರನ್ನು ಮರೆಮಾಡಿದರೆ ಸಾಕು ಅಂತ ಕೆಲವರು ಹೇಳಿಕೊಡುತ್ತಾರೆ. ಹಗಲು ಹೊತ್ತು ಮನೆಯ ಮುಂದಿನ ಬೋರ್ಡು ಕಿತ್ತು ಹಾಕಿದರೆ ಮನೆ ಕಾಣದೆ ಹೋಗುತ್ತದೆಯೇ? ನಮ್ಮ ಮೊಬೈಲ್ ಡಬ್ಬಿಗೆ ಸೇರುವಾಗ ಆ ಹೆಸರು ಗಾಳಿಯಲ್ಲಿ ಹೋಗುತ್ತದೆ, ಹಿಡಿಯುವವರು ಹಿಡಿಯುತ್ತಾರೆ. ಅದನ್ನು ನೆಚ್ಚಿಕೊಳ್ಳಬೇಡಿ.

ಹುಡುಗರಿಗೂ ಒಂದು ಮಾತು. ಬೇರೆಯವರ ವೈಫೈಗೆ ನುಗ್ಗುವುದು ತುಂಟಾಟ ಅಂತ ತಿಳಿಯಬೇಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಲ್ಲಿ ಮೋಸದ ಉದ್ದೇಶದಿಂದ ಹೀಗೆ ಮಾಡಿದವರಿಗೆ ಮೂರು ವರ್ಷದ ತನಕ ಸಜೆ, ಐದು ಲಕ್ಷದ ತನಕ ದಂಡ ಇದೆ. ಯಾರದಾದರೂ ದುಡ್ಡು ಆನ್‌ಲೈನ್ ಮೋಸದಲ್ಲಿ ಹೋದರೆ ತಡ ಮಾಡದೆ 1930 ನಂಬರಿಗೆ ಫೋನ್ ಮಾಡಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆಡಳಿತ ಮಂಡಳಿಯಲ್ಲಿ ಈ ವಿಷಯ ಬಂದಾಗ ಹಿರಿಯರೊಬ್ಬರು ಕೇಳಿದರು: "ಬಾಯಾರಿ ಬಂದವರಿಗೆ ಮಜ್ಜಿಗೆ ಕೊಡೋ ಊರಿದು. ಸಂಘ ಅಂದ್ರೆ ಹಂಚಿಕೊಳ್ಳೋದಕ್ಕೆ ಅಲ್ವೇನಪ್ಪಾ? ಕಾಣದ ಗಾಳಿಗೂ ಬೀಗ ಹಾಕ್ತೀರಾ?" ಇದು ತಳ್ಳಿ ಹಾಕುವ ಮಾತಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದರು. ಸಂಘದ ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತ ಸದಸ್ಯರ ಮಗಳನ್ನು ಎಬ್ಬಿಸಿ ಕಳಿಸುವ ಬೀಗ ನಮಗೆ ಬೇಡ.

ಉತ್ತರ ನಮ್ಮ ಅಯ್ಯನಕೆರೆಯಲ್ಲೇ ಇದೆ. ಕೆರೆ ಕಟ್ಟಿದವರು ಏರಿ ಹಾಕಿ ಸುಮ್ಮನಾಗಲಿಲ್ಲ, ತೂಬನ್ನೂ ಇಟ್ಟರು. ಏರಿಯಲ್ಲಿ ಬಿರುಕು ಬಿಟ್ಟು ಹರಿಯುವ ನೀರೂ ನೀರೇ, ತೂಬಿನಲ್ಲಿ ಹರಿಯುವ ನೀರೂ ನೀರೇ. ಒಂದು ಊರನ್ನು ಕೊಚ್ಚುತ್ತದೆ, ಇನ್ನೊಂದು ಗದ್ದೆಯನ್ನು ಬೆಳೆಸುತ್ತದೆ. ತೂಬಿನ ನೀರಿಗೆ ಸರದಿ ಇದೆ, ಲೆಕ್ಕ ಇದೆ, ನೋಡಿಕೊಳ್ಳಲು ನೀರುಗಂಟಿ ಇದ್ದ. ಹಂಚುವುದಕ್ಕೂ ಸೋರುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಮಜ್ಜಿಗೆ ಕೊಡುವವರು ಲೋಟದಲ್ಲಿ ಕೊಡುತ್ತಾರೆ, ಅಡುಗೆಮನೆಯ ಬಾಗಿಲು ತೆರೆದಿಟ್ಟು ಮಲಗುವುದಿಲ್ಲ.

ವೈಫೈಯಲ್ಲೂ ಈ ತೂಬು ಇದೆ. ಬಹುತೇಕ ಡಬ್ಬಿಗಳಲ್ಲಿ ಗೆಸ್ಟ್ ಅಂದರೆ ಅತಿಥಿಗಳ ವೈಫೈ ಅಂತ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು ನಡೆಸಬಹುದು. ಸರಿಯಾಗಿ ಇಟ್ಟರೆ ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಮಾತ್ರ ಸಿಗುತ್ತದೆ, ನಮ್ಮ ಪ್ರಿಂಟರು, ಕಂಪ್ಯೂಟರು ಕಾಣುವುದಿಲ್ಲ. ಮನೆಗೆ ನೆಂಟರು ಬಂದರೆ ಆ ಪಾಸ್‌ವರ್ಡ್ ಕೊಡಿ, ಹೋದ ಮೇಲೆ ಬದಲಾಯಿಸಿ. ಊರಿಗೇ ಕೊಡುವುದಾದರೆ ಅದಕ್ಕೂ ದಾರಿ ಇದೆ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ ಮೊದಲಾದ ಕಡೆ "ನಮ್ಮ ವೈಫೈ" ಅಂತ ಸಾರ್ವಜನಿಕರಿಗೆ ಕೊಟ್ಟಾಗ ಮೊಬೈಲ್ ನಂಬರು ಹಾಕಿ, ಬಂದ ಸಂಖ್ಯೆ ಹೊಡೆದ ಮೇಲೇ ಸಂಪರ್ಕ ಸಿಗುತ್ತಿತ್ತು. ಯಾರು ಬಳಸಿದರು ಅನ್ನುವುದಕ್ಕೆ ಲೆಕ್ಕ ಇತ್ತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ.-ವಾಣಿ ಯೋಜನೆಯಲ್ಲಿ ಚಿಕ್ಕ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಯೋಜನೆಯ ನಿಯಮದಂತೆ ಇಂಥ ಸಾರ್ವಜನಿಕ ವೈಫೈ ಕೇಂದ್ರ ನಡೆಸಬಹುದು.

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗಾಗಿ ಮೂರು ಸಲಹೆಗಳನ್ನು ಮಹಾಸಭೆಯ ಮುಂದೆ ಇಡುತ್ತಿದ್ದೇವೆ. ಒಂದು, ಕಚೇರಿಯ ಲೆಕ್ಕದ ಕಂಪ್ಯೂಟರಿಗೆ ತಂತಿಯಲ್ಲೇ ಸಂಪರ್ಕ ಇರಲಿ. ತಂತಿಯೊಳಗೆ ಹೋಗುವುದು ರಸ್ತೆಯಾಚೆ ಸಿಗುವುದಿಲ್ಲ. ಎರಡು, ಜಗಲಿಗೆ ಬೇರೆ ವೈಫೈ ಇರಲಿ, ಪಿ.ಎಂ.-ವಾಣಿಯಡಿ ಲೆಕ್ಕ ಸಹಿತ ಕೊಡಲು ಸಾಧ್ಯವೇ ಅಂತ ವಿಚಾರಿಸಿ ಮುಂದುವರಿಯಲಿ, ಓದುವ ಮಕ್ಕಳಿಗೆ ಸಂಜೆ ಹೊತ್ತು ಮೊದಲ ಸರದಿ ಸಿಗಲಿ. ಮೂರು, ಪಾಸ್‌ವರ್ಡ್ ಯಾರ ಬಳಿ ಇದೆ, ಯಾವಾಗ ಬದಲಾಯಿತು ಅನ್ನುವುದನ್ನು ತಿಜೋರಿಯ ಬೀಗದ ಕೈಯಂತೆಯೇ ನಡಾವಳಿ ಪುಸ್ತಕದಲ್ಲಿ ಬರೆಯಲಿ. ನೌಕರರು ಬದಲಾದ ದಿನವೇ ಅದೂ ಬದಲಾಗಲಿ.

ಯಾವ ಮನೆಯಲ್ಲಿ ಸೆಟ್ಟಿಂಗ್ ಬದಲಾಯಿಸಲು ತಿಳಿಯುವುದಿಲ್ಲವೋ ಅವರು ಸಂಕೋಚ ಪಡಬೇಕಾಗಿಲ್ಲ. ಡಬ್ಬಿಯ ತಳದಲ್ಲಿ ಅಂಟಿಸಿರುವ ಚೀಟಿಯನ್ನು ಬರೆದುಕೊಂಡು ನಿಮ್ಮ ಮನೆಯ ಓದಿದ ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅರ್ಧ ಗಂಟೆಯ ಕೆಲಸ. ಊರಿಗೆ ಗೊತ್ತಾಗದಂತೆ ಹಂಚಿಕೊಳ್ಳಬೇಕಾದ ಒಂದೇ ವಸ್ತು ಪಾಸ್‌ವರ್ಡ್. ಆದ್ದರಿಂದ ಹಾದಿಯಲ್ಲಿ ಹೋಗುವವರ ಕೈಯಲ್ಲಿ ಮಾಡಿಸಬೇಡಿ.

ನಮಗೆ ತಿಳಿದಷ್ಟನ್ನು ತಮ್ಮ ಮುಂದೆ ಇಟ್ಟಿದ್ದೇವೆ. 

ಜೈ ಹಿಂದ್! ಜೈ ಕರ್ನಾಟಕ! ಜೈ ಸಹಕಾರ!